ಕಾರ್ತಿಕದಲ್ಲಿ ಬಿತ್ತಿ, ಶಿವರಾತ್ರಿವರೆಗೂ ಕೊಯ್ಯುವ ಪಾಲಕ್

ಮೈಸೂರು, ಮಂಡ್ಯ ಕಡೆ ಪಾಲಕ್ ಹದವಾಗಿ ಬರುವುದು ದೀಪಾವಳಿ ಕಳೆದ ಮೇಲೆ. ನವೆಂಬರ್ ನಡುವಿನಿಂದ ಜನವರಿ ಮುಗಿಯುವವರೆಗೆ ರಾತ್ರಿ 15–17 ಡಿಗ್ರಿ, ಹಗಲು 28–30 ಡಿಗ್ರಿ ಇರುತ್ತದೆ. ಎಲೆ ಅಗಲವಾಗಿ, ದಪ್ಪವಾಗಿ ಬಿಡುತ್ತದೆ. ಬೇಸಿಗೆಯಲ್ಲೂ ಬೆಳೆಯಬಹುದು, ಆದರೆ ಎಲೆ ಸಣ್ಣದಾಗಿ, ಬೇಗ ಹೂದಂಟು ಏಳುತ್ತದೆ. ಹಾಗಂತ ಅಕ್ಟೋಬರಿನಲ್ಲೇ ಆತುರ ಬೇಡ. ಹಿಂಗಾರಿನ ಒಂದು ಜೋರು ಮಳೆ ಬಿದ್ದರೆ ಬೀಜವೆಲ್ಲ ಮಡಿಯ ಒಂದು ಮೂಲೆಗೆ ಹೋಗಿ ಕೂರುತ್ತದೆ.

ಅಂಗಡಿಯಲ್ಲಿ ಪಾಲಕ್ ಅಂತ ಕೊಡುವುದು ಸಾಮಾನ್ಯವಾಗಿ ಬೀಟ್‌ರೂಟ್ ಜಾತಿಯ ನಾಟಿ ಪಾಲಕ್. ಬೀಜ ಬೆಂಡಿನಂತೆ ಹಗುರ, ಗಂಟುಗಂಟು, ಒರಟು. ಒಂದೊಂದು ಗಂಟಿನಲ್ಲೂ ಎರಡು ಮೂರು ಬೀಜ ಇರುವುದರಿಂದ ಒಂದೇ ಕಡೆ ಎರಡು ಮೂರು ಮೊಳಕೆ ಬರುತ್ತವೆ. ಆಲ್ ಗ್ರೀನ್, ಪೂಸಾ ಜ್ಯೋತಿ, ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನುಪಮ ಎಲ್ಲ ಈ ಗುಂಪಿನವೇ. ವಿಲಾಯತಿ ಪಾಲಕ್ ಬೇರೆ ಗಿಡ. ಅದರ ಬೀಜ ನುಣುಪಾಗಿ ಗುಂಡಗೆ ಅಥವಾ ಮುಳ್ಳುಮುಳ್ಳಾಗಿ ಇರುತ್ತದೆ, ಬಿಸಿಲು ಅದಕ್ಕೆ ಆಗಿಬರುವುದಿಲ್ಲ. ಮೊದಲ ಸಲ ಬೆಳೆಯುವವರು ನಾಟಿ ಪಾಲಕ್ ಹಿಡಿಯುವುದೇ ವಾಸಿ: ಆರು ಕೊಯ್ಲಿನವರೆಗೂ ಚಿಗುರುತ್ತದೆ. ವಿಲಾಯತಿಯನ್ನು ನವೆಂಬರ್ ಕೊನೆಯಿಂದ ಡಿಸೆಂಬರ್ ಒಳಗೆ ಬಿತ್ತಿ, ಫೆಬ್ರವರಿಗೆ ಮುಗಿಸಬೇಕು.

ಮಡಿ 10 ಅಡಿ ಉದ್ದ, 3 ಅಡಿ ಅಗಲ ಇರಲಿ. ಎರಡೂ ಬದಿಯಿಂದ ಕೈ ಎಟುಕುತ್ತದೆ, ಒಳಗೆ ಕಾಲಿಡಬೇಕಾಗಿಲ್ಲ. ಮುಕ್ಕಾಲು ಅಡಿ ಆಳಕ್ಕೆ ಅಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 6–7 ಕೆಜಿ, ಬೇವಿನ ಹಿಂಡಿ ಕಾಲು ಕೆಜಿ ಬೆರೆಸಿ. ಹಸಿ ಸಗಣಿ ಹಾಕಿದರೆ ಗೊಣ್ಣೆ ಹುಳು ಜೊತೆಗೇ ಬರುತ್ತದೆ. ಭತ್ತ ಕೊಯ್ದ ಗದ್ದೆಯಾದರೆ ಮಡಿಯನ್ನು ಅರ್ಧ ಅಡಿ ಎತ್ತರಿಸಲೇಬೇಕು, ನೀರು ನಿಂತರೆ ಬೇರು ಉಸಿರುಕಟ್ಟಿ ಎಲೆ ಹಳದಿಯಾಗುತ್ತದೆ. ನಾಲೆಯ ಕೊನೆಭಾಗದ ಚೌಳು ನೆಲದಲ್ಲೂ ಪಾಲಕ್ ಒಂದು ಮಟ್ಟಿಗೆ ಬರುತ್ತದೆ. ಉಪ್ಪು ತಡೆಯುವ ಗುಣ ಅದಕ್ಕಿದೆ, ಮೊಳಕೆಗೆ ಮಾತ್ರ ಇಲ್ಲ. ಅಂಥ ಕಡೆ ಬಿತ್ತುವ ಮುಂಚೆ ಒಂದೆರಡು ಸಲ ನೀರು ತುಂಬಿ ಬಸಿದುಬಿಡಿ. ತಾರಸಿಯ ಮೇಲಾದರೆ ಒಂದಡಿ ಆಳದ ಗ್ರೋ ಬ್ಯಾಗ್ ಸಾಕು: ಕೆಂಪು ಮಣ್ಣು ಎರಡು ಪಾಲು, ಎರೆಗೊಬ್ಬರ ಒಂದು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು.

ಪಾಲಕ್ ಕೈಕೊಡುವುದು ಹೆಚ್ಚಾಗಿ ಮೊದಲ ಹತ್ತು ದಿನದಲ್ಲೇ. ಬೀಜದ ಬೆಂಡಿನಲ್ಲಿ ಮೊಳಕೆ ತಡೆಯುವ ಅಂಶ ಇರುತ್ತದೆ, ಅದು ನೀರಿಗೆ ಬಿಟ್ಟುಕೊಳ್ಳಬೇಕು. ಮೇಲೆ ಹೇಳಿದ ಮಡಿಗೆ 8–10 ಗ್ರಾಂ ಬೀಜ ಸಾಕು. ಸಂಜೆ ನೆನೆಹಾಕಿ, ಮಲಗುವ ಮುಂಚೆ ಒಂದು ಸಲ ನೀರು ಬದಲಿಸಿ, ಬೆಳಿಗ್ಗೆ ಬಸಿದು, ಬಟ್ಟೆಯ ಮೇಲೆ ಅರ್ಧ ಗಂಟೆ ಆರಿಸಿ. ಗುಲಾಬಿ ಬಣ್ಣ ಬಳಿದ ಬೀಜವಾದರೆ ಅದು ಔಷಧಿ ಹಚ್ಚಿದ್ದು. ನೆನೆಸಿದ ನೀರನ್ನು ದನ, ಕೋಳಿ ಬಾಯಿ ಹಾಕುವ ಕಡೆ ಚೆಲ್ಲಬೇಡಿ. ವಿಲಾಯತಿ ಬೀಜವನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ನಾಲ್ಕೈದು ದಿನ ಫ್ರಿಜ್ಜಿನಲ್ಲಿಟ್ಟು ಬಿತ್ತಿದರೆ ಒಂದೇ ಸಮ ಹುಟ್ಟುತ್ತದೆ. ಮಣ್ಣು 30 ಡಿಗ್ರಿ ದಾಟಿದರೆ ಅದು ಮೊಳೆಯಲು ಒಲ್ಲೆ ಎನ್ನುತ್ತದೆ.

ಬಿತ್ತುವ ಹಿಂದಿನ ದಿನವೇ ಮಡಿಗೆ ನೀರು ಕೊಟ್ಟು ಹದ ಮಾಡಿಕೊಳ್ಳಿ. ಉದ್ದಕ್ಕೆ ನಾಲ್ಕು ಸಾಲು ಗೀರಿ, ಸಾಲಿಂದ ಸಾಲಿಗೆ 20 ಸೆಂ.ಮೀ. ಬಿಡಿ, ಬೆರಳಿನ ಮೊದಲ ಗೆಣ್ಣಿನ ಅರ್ಧ, ಅಂದರೆ ಒಂದೂವರೆ ಸೆಂ.ಮೀ. ಆಳ. ಅಂಗುಲಕ್ಕೊಂದು ಬೀಜ ಉದುರಿಸಿ, ಜರಡಿ ಹಿಡಿದ ಗೊಬ್ಬರದಿಂದ ಮುಚ್ಚಿ. ನಮ್ಮ ಕೆಂಪು ಮಣ್ಣಿನಿಂದಲೇ ಮುಚ್ಚಿ ನೀರು ಹಾಕಿದರೆ ಮೇಲ್ಪದರ ಒಣಗಿ ಹೆಪ್ಪುಗಟ್ಟುತ್ತದೆ, ಮೊಳಕೆ ಕೆಳಗೇ ಬಗ್ಗಿ ಸಾಯುತ್ತದೆ. ಮೇಲೆ ತೆಳ್ಳಗೆ ಹುಲ್ಲು ಹರಡಿ, ಹೂಕುಂಡಕ್ಕೆ ನೀರು ಹಾಕುವ ಜರಡಿ ಕ್ಯಾನಿನಲ್ಲಿ ದಿನಾ ಬೆಳಿಗ್ಗೆ ಚಿಮುಕಿಸಿ. 7ರಿಂದ 10 ದಿನಕ್ಕೆ ಮೊಳಕೆ ಕಾಣುತ್ತದೆ. ಮೊದಲ ಮೊಳಕೆ ಕಂಡ ದಿನವೇ ಹುಲ್ಲು ತೆಗೆಯಬೇಕು, ತಡವಾದರೆ ಸಸಿ ಸೊಣಕಲಾಗುತ್ತದೆ.

ಸಸಿಯ ಕತ್ತು ಮಣ್ಣಿನ ಮಟ್ಟದಲ್ಲಿ ದಾರದಂತೆ ಸಣ್ಣಗಾಗಿ ಒರಗಿಬಿದ್ದರೆ ಅದು ಸಸಿ ಕೊಳೆ ರೋಗ. ಸಂಜೆ ನೀರು, ದಟ್ಟ ಬಿತ್ತನೆ, ಮೇಲಿಂದ ಇಬ್ಬನಿ, ಮೂರೂ ಸೇರಿದರೆ ಇದು ಬರುವುದು ಖಚಿತ. ಬಿದ್ದ ಸಸಿ ಮತ್ತೆ ಏಳುವುದಿಲ್ಲ. ಅಕ್ಕಪಕ್ಕದ್ದನ್ನೂ ಕಿತ್ತು ಹಾಕಿ, ಎರಡು ದಿನ ನೀರು ನಿಲ್ಲಿಸಿ. ಮುಂದಿನ ಬಿತ್ತನೆಗೆ ಕೆಜಿ ಬೀಜಕ್ಕೆ 4–5 ಗ್ರಾಂ ಲೆಕ್ಕದಲ್ಲಿ ಟ್ರೈಕೋಡರ್ಮಾ (ಕೊಳೆ ರೋಗ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಹಚ್ಚಿ.

ಮೊಳಕೆಯ ಬೀಜದೆಲೆಗಳಾದ ಮೇಲೆ ಎರಡು ನಿಜ ಎಲೆ ಬಂದಾಗ, ಗಿಡದಿಂದ ಗಿಡಕ್ಕೆ ಮೂರು ನಾಲ್ಕು ಬೆರಳು ಬಿಟ್ಟು ಉಳಿದದ್ದನ್ನು ಕಿತ್ತು ತೆಳುವಾಗಿಸಿ. ಹೊಟ್ಟೆ ಉರಿಯುವ ಕೆಲಸವೇ. ಆದರೆ ಬಿಟ್ಟರೆ ಎಲ್ಲವೂ ಕಡ್ಡಿಯಾಗುತ್ತವೆ. ಕಿತ್ತ ಎಳೆಸೊಪ್ಪು ಬಸ್ಸಾರಿಗೆ ಆಗುತ್ತದೆ.

ಎಲೆಯ ಮೇಲೆ ಬಿಳಿ ಗೆರೆ ಸುತ್ತಿ ಸುತ್ತಿ ಹೋಗಿದ್ದರೆ ರಂಗೋಲಿ ಹುಳು. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ: ಗೆರೆ ಅಗಲವಾಗಿ ಮುಗಿಯುವ ತುದಿಯಲ್ಲಿ ಅಕ್ಕಿನುಚ್ಚಿಗಿಂತ ಸಣ್ಣ ಮರಿಹುಳು ಕಾಣುತ್ತದೆ, ಅಲ್ಲೇ ಎರಡು ಬೆರಳಲ್ಲಿ ಹಿಸುಕಿ. ಅದು ಎಲೆಯ ಎರಡು ಪದರದ ನಡುವೆ ಇರುವುದರಿಂದ ಮೇಲೆ ಹೊಡೆದ ಔಷಧಿ ಸರಿಯಾಗಿ ತಾಗುವುದಿಲ್ಲ. ಎಲೆಯಡಿ ಹೇನು ಕೂತಿದ್ದರೆ ಲೀಟರ್ ನೀರಿಗೆ 5 ಎಂ.ಎಲ್. ಬೇವಿನೆಣ್ಣೆ, ನಾಲ್ಕು ಹನಿ ಸೋಪು ನೀರು ಕಲಸಿ, ಇಳಿಹೊತ್ತಿನಲ್ಲಿ ಎಲೆಯ ಅಡಿಗೆ ಸಿಂಪಡಿಸಿ. ಐದು ದಿನ ಕೊಯ್ಯಬೇಡಿ. ತಿನ್ನುವ ಸೊಪ್ಪಿಗೆ ಇದಕ್ಕಿಂತ ಖಾರದ ಔಷಧಿ ಬೇಡವೇ ಬೇಡ.

30–35 ದಿನಕ್ಕೆ ಎಲೆ ಗೇಣುದ್ದ ಆದಾಗ ಮೊದಲ ಕೊಯ್ಲು. ಕುಡುಗೋಲನ್ನು ನೆಲದಿಂದ ಎರಡು ಬೆರಳು ಮೇಲೆ ಹಿಡಿಯಿರಿ. ನಡುವಿನ ಸುಳಿ ಕತ್ತರಿಸಿದರೆ ಗಿಡ ಮತ್ತೆ ಚಿಗುರುವುದು ಕಷ್ಟ. ಮನೆಮಟ್ಟಿಗೆ ಬೇಕಾದರೆ ಹೊರ ಎಲೆ ಮಾತ್ರ ಮುರಿದುಕೊಳ್ಳಿ, ವಿಲಾಯತಿಗಂತೂ ಇದೇ ಸರಿ. ಪ್ರತಿ ಕೊಯ್ಲಾದ ಮೇಲೆ ಸಾಲಿನ ನಡುವೆ ಕೆದಕಿ, ಜೇಕು ಇದ್ದರೆ ಗೆಡ್ಡೆಸಮೇತ ಕಿತ್ತು, ಎರಡು ಬೊಗಸೆ ಎರೆಗೊಬ್ಬರ ಅಥವಾ ಹತ್ತು ಪಾಲು ನೀರು ಬೆರೆಸಿದ ಗಂಜಲ ಕೊಡಿ. ಯೂರಿಯಾ ಹಾಕುವವರಿಗೆ ಇಡೀ ಮಡಿಗೆ 12 ಗ್ರಾಂ ಸಾಕು. ಒದ್ದೆ ಎಲೆಯ ಮೇಲೆ ಬಿದ್ದರೆ ಸುಡುತ್ತದೆ, ಹೆಚ್ಚಾದರೆ ಸೊಪ್ಪಿನಲ್ಲಿ ನೈಟ್ರೇಟ್ ಸೇರುತ್ತದೆ. 15–20 ದಿನಕ್ಕೆ ಮತ್ತೊಂದು ಕೊಯ್ಲು. ಹಳೆ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಕಬ್ಬಿಣದ್ದು, ಸುಣ್ಣದ ನೆಲದಲ್ಲಿ ಇದು ಸಾಮಾನ್ಯ.

ಬೇಗ ಹೂದಂಟು ಬಂದರೆ ಉದ್ದ ಹಗಲಿನಿಂದ ಎಂದು ಪುಸ್ತಕಗಳಲ್ಲಿ ಇರುತ್ತದೆ. ಮೈಸೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಇಲ್ಲಿ ಕಾರಣ ಬಹುತೇಕ ಸೆಕೆ, ನೀರಿನ ಏರುಪೇರು, ಕೊಯ್ಯದೆ ಬಲಿಯಬಿಟ್ಟದ್ದು. ದಂಟು ಎದ್ದ ಗಿಡದ ಎಲೆ ಕಹಿಯಾಗುತ್ತದೆ, ಕಿತ್ತುಬಿಡಿ. ಆ ಮಡಿಗೆ ಮತ್ತೆ ಪಾಲಕ್ ಅಥವಾ ಬೀಟ್‌ರೂಟ್ ಬೇಡ, ಎರಡಕ್ಕೂ ಬರುವುದು ಒಂದೇ ಎಲೆಚುಕ್ಕೆ ರೋಗ. ಬೇಸಿಗೆಗೆ ಅಲಸಂದೆ ಹಾಕಿ.