ಗೋಲ್ ಹೊಡೆದ ಹುಡುಗನಿಗೆ ನಾನು ಕೆಂಪು ಕಾರ್ಡ್ ತೋರಿಸಿದ ದಿನ

ಮಂಗಳೂರಿನ ಸುತ್ತಮುತ್ತ ಫುಟ್‌ಬಾಲ್ ರೆಫರಿಯಾಗಿ ಓಡಾಡಲು ಶುರು ಮಾಡಿ ಒಂಬತ್ತು ವರ್ಷ ಆಯಿತು. ನೆಹರೂ ಮೈದಾನದಲ್ಲಿ ಮ್ಯಾಚ್ ಆಡಿಸಿದ್ದೇನೆ, ಬೆಂಗ್ರೆಗೆ ದೋಣಿಯಲ್ಲಿ ಹೋಗಿ ಆಡಿಸಿದ್ದೇನೆ, ಮಳೆಗಾಲದ ಕೆಸರಿನಲ್ಲಿ ಎಷ್ಟೋ ಸೆವೆನ್ಸ್, ಅಂದರೆ ತಂಡಕ್ಕೆ ಏಳೇಳು ಜನರ ಆಟ, ಮುಗಿಸಿದ್ದೇನೆ. ತೋರಿಸಿದ ಕಾರ್ಡ್‌ಗಳಿಗೆ ಲೆಕ್ಕ ಇಟ್ಟಿಲ್ಲ. ಆದರೆ ಒಂದು ಕಾರ್ಡ್ ಮಾತ್ರ ಇನ್ನೂ ಚುಚ್ಚುತ್ತದೆ.

ಅದೊಂದು ಸೆವೆನ್ಸ್ ಸೆಮಿಫೈನಲ್. ಬೇಲಿ ಇಲ್ಲ, ಗ್ಯಾಲರಿ ಇಲ್ಲ, ಸುಣ್ಣದ ಗೆರೆಗೆ ತಾಗಿಕೊಂಡೇ ಜನ. ಹೊರಗಿನಿಂದ ಬಂದ ತಂಡದ ಒಬ್ಬ ಹುಡುಗ, ಇಪ್ಪತ್ತು ವರ್ಷ ಇದ್ದರೆ ಹೆಚ್ಚು, ಕೊನೆಯ ನಿಮಿಷಗಳಲ್ಲಿ ಸಮ ಮಾಡುವ ಗೋಲ್ ಹೊಡೆದ. ಹೊಡೆದವನು ತನ್ನವರ ಕಡೆ ಓಡಲಿಲ್ಲ. ನೇರ ಎದುರು ತಂಡದ ಜನ ನಿಂತಿದ್ದ ಮೂಲೆಗೆ ಹೋಗಿ ಕಿವಿಗೆ ಕೈ ಇಟ್ಟ, ಆಮೇಲೆ ತುಟಿಗೆ ಬೆರಳು. ಅಲ್ಲಿ ನೂಕಾಟ ಶುರುವಾಯಿತು, ಒಂದು ನೀರಿನ ಬಾಟಲಿ ಹಾರಿ ಬಂತು. ಫ್ರೀಕಿಕ್ ಹೊತ್ತಿಗೆ ಬಾಲ್ ದೂರ ಒದ್ದದ್ದಕ್ಕೆ ಅವನಿಗೆ ಮೊದಲೇ ಒಂದು ಹಳದಿ ಕಾರ್ಡ್ ಆಗಿತ್ತು, ಎರಡು ಹಳದಿ ಆದರೆ ಕೆಂಪು, ಆಟದಿಂದ ಹೊರಗೆ. ನಾನು ಇನ್ನೊಂದು ಹಳದಿ ತೆಗೆದೆ, ಅದರ ಹಿಂದೆಯೇ ಕೆಂಪು.

"ಎಂತ ಸಾರ್, ಗೋಲ್ ಹೊಡೆದದ್ದಕ್ಕೆ ಹೊರಗಾ?" ಅಂದ. ಕೂಗಾಡಲಿಲ್ಲ. ಜೆರ್ಸಿಯಿಂದ ಮುಖ ಒರೆಸಿಕೊಂಡು ಹೊರಗೆ ಹೋದ.

ಆರು ಜನರಲ್ಲಿ ಆಡಿ ಅವರು ಸೋತರು. ಮ್ಯಾಚ್ ಮುಗಿದ ಮೇಲೆ ಅವರ ತಂಡದ ಹಿರಿಯರೊಬ್ಬರು ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಹಾಫ್ ಟೈಮಿನಿಂದ ಆ ಮೂಲೆಯವರು ಅವನ ಅಮ್ಮನನ್ನು ಹಿಡಿದು ಬೈತಾ ಇದ್ರು. ನಿಮಗೆ ಕೇಳ್ಲಿಲ್ವಾ ಮಾರಾಯ್ರೆ?"

ಕೇಳಿತ್ತು. ನಮ್ಮ ಮೈದಾನಗಳಲ್ಲಿ ಇದೆಲ್ಲ ಇದ್ದದ್ದೇ ಅಂತ ನಾನು ಸುಮ್ಮನಿದ್ದೆ. ನನ್ನ ತಪ್ಪು ಅಲ್ಲಿತ್ತು.

ನಿಯಮದಲ್ಲಿ ನಾನು ಸರಿಯೇ. ಫುಟ್‌ಬಾಲ್ ನಿಯಮ ಪುಸ್ತಕದ ಹನ್ನೆರಡನೇ ನಿಯಮದ ಪ್ರಕಾರ, ಸಂಭ್ರಮದ ಹೆಸರಿನಲ್ಲಿ ಕೆಣಕಿದರೆ, ಅಣಕಿಸಿದರೆ, ಜನರನ್ನು ಕೆರಳಿಸಿದರೆ ಹಳದಿ ಕಾರ್ಡ್ ತೋರಿಸಲೇಬೇಕು. ಜೆರ್ಸಿ ಬಿಚ್ಚಿದರೂ ಹಳದಿ, ಮುಖವಾಡ ಹಾಕಿದರೂ ಹಳದಿ. ಆ ಗೋಲ್ ಆಮೇಲೆ ರದ್ದಾದರೂ ಹಳದಿ ಉಳಿಯುತ್ತದೆ, ಇದು ಎಷ್ಟೋ ಆಟಗಾರರಿಗೆ ಗೊತ್ತಿಲ್ಲ. ನೇರ ಕೆಂಪು ಬರುವುದು ಅಶ್ಲೀಲ ಸನ್ನೆ, ಅವಮಾನ, ಬೈಗುಳಕ್ಕೆ. ಈ ಗೆರೆ ಇರಬೇಕಾದ ಕಡೆಯೇ ಇದೆ ಅಂತ ನನಗೆ ಅನಿಸುತ್ತದೆ. ಜಾತಿ, ಧರ್ಮ, ಬಣ್ಣ ಎತ್ತಿ ಸನ್ನೆ ಮಾಡಿದವನನ್ನು ನಾನು ಎರಡು ಸಲ ಯೋಚಿಸದೆ ಹೊರಗೆ ಹಾಕುತ್ತೇನೆ. ಕಿವಿಗೆ ಕೈ ಇಟ್ಟವನನ್ನು ಅದೇ ಸಾಲಿನಲ್ಲಿ ನಿಲ್ಲಿಸಬಾರದು.

ಹಾಗಂತ ಹಳದಿಯೂ ಬೇಡ ಅನ್ನುವವರ ಜೊತೆ ನಾನಿಲ್ಲ. 2009ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಅಡೆಬಯೋರ್ ತನ್ನ ಹಳೆಯ ತಂಡ ಆರ್ಸೆನಲ್ ವಿರುದ್ಧ ಗೋಲ್ ಹೊಡೆದು, ಇಡೀ ಮೈದಾನ ಓಡಿಕೊಂಡು ಹೋಗಿ ಆರ್ಸೆನಲ್ ಅಭಿಮಾನಿಗಳ ಎದುರು ಮಂಡಿಯೂರಿ ಜಾರಿದ. ಗ್ಯಾಲರಿಯಿಂದ ಸಾಮಾನು ತೂರಿ ಬಂತು, ಕಾವಲಿಗಿದ್ದ ಒಬ್ಬರಿಗೆ ಪೆಟ್ಟಾಯಿತು. ಅಷ್ಟೆಲ್ಲ ವ್ಯವಸ್ಥೆ ಇದ್ದ ಸ್ಟೇಡಿಯಂನಲ್ಲೇ ಹಾಗಾದರೆ, ಹಗ್ಗವೂ ಕಟ್ಟದ ನಮ್ಮ ಮೈದಾನದಲ್ಲಿ ಏನಾಗಬಹುದು ಹೇಳಿ. ಅಡೆಬಯೋರ್‌ಗೆ ಮೈದಾನದಲ್ಲಿ ಆದದ್ದು ಹಳದಿ ಮಾತ್ರ. ದಂಡ ಆಮೇಲೆ ಬಂತು.

ನನ್ನನ್ನು ನಿಜವಾಗಿ ಅಲುಗಿಸಿದ್ದು ಲುಕಾಕು. 2023ರ ಏಪ್ರಿಲ್, ಇಟಲಿಯ ಕಪ್ ಸೆಮಿಫೈನಲ್, ಯುವೆಂಟಸ್ ತಂಡದ ಮೈದಾನ. ಗ್ಯಾಲರಿಯಿಂದ ಜನಾಂಗೀಯ ಬೈಗುಳ ಬರುತ್ತಿತ್ತು. ಎದುರು ತಂಡ ಇಂಟರ್ ಪರ ಆಡುತ್ತಿದ್ದ ಲುಕಾಕು ಕೊನೆಯಲ್ಲಿ ಪೆನಾಲ್ಟಿ ಹೊಡೆದು, ತುಟಿಗೆ ಬೆರಳಿಟ್ಟು ಸೆಲ್ಯೂಟ್ ಮಾಡಿ ನಿಂತ. ಎರಡನೇ ಹಳದಿ, ಹೊರಗೆ. ಆಮೇಲೆ ಅಲ್ಲಿನ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷರೇ ಆ ಶಿಕ್ಷೆಯನ್ನು ಮನ್ನಾ ಮಾಡಿದರು. ಆ ವಿಡಿಯೋ ನೋಡುವಾಗ ನನಗೆ ಕಂಡದ್ದು ಲುಕಾಕು ಅಲ್ಲ, ಜೆರ್ಸಿಯಿಂದ ಮುಖ ಒರೆಸಿಕೊಂಡು ಹೋದ ಆ ಹುಡುಗ.

ಅವತ್ತಿನಿಂದ ನಾನು ಕೆಲಸ ಮಾಡುವ ರೀತಿ ಬದಲಾಯಿತು. ಟಾಸ್‌ಗೆ ಮೊದಲು ಇಬ್ಬರು ಕ್ಯಾಪ್ಟನ್‌ಗಳ ಜೊತೆ ಸಂಘಟಕರನ್ನೂ ಕರೆದು ನಿಲ್ಲಿಸುತ್ತೇನೆ. ಗೋಲ್ ಆದರೆ ನಿಮ್ಮವರ ಕಡೆ ಓಡಿ, ಎದುರಿನವರ ಕಡೆ ಹೋದರೆ ಹಳದಿ ಗ್ಯಾರಂಟಿ ಅಂತ ಹುಡುಗರಿಗೆ ಹೇಳುತ್ತೇನೆ. ಸಂಘಟಕರಿಗೆ ಹೇಳುವುದು ಇನ್ನೊಂದು: ಹೊರಗಿನಿಂದ ಕೆಟ್ಟ ಬೈಗುಳ ಬಂದರೆ ನಾನು ಆಟ ನಿಲ್ಲಿಸುತ್ತೇನೆ, ನೀವು ಮೈಕಿನಲ್ಲಿ ಹೇಳಬೇಕು, ಆಗಲೂ ನಿಲ್ಲದಿದ್ದರೆ ತಂಡಗಳನ್ನು ಹೊರಗೆ ಕರೆದುಕೊಂಡು ಹೋಗುತ್ತೇನೆ. ಎರಡು ಸಲ ಹಾಗೆ ನಿಲ್ಲಿಸಿದ್ದೇನೆ. ಎರಡೂ ಸಲ ಮೊದಲ ಹೆಜ್ಜೆಗೇ ಸುಮ್ಮನಾದರು.

ಗೋಲ್ ಆದ ಕೂಡಲೇ ಮೊದಲೆಲ್ಲ ನಾನು ಹಿಂದೆ ಹಿಂದೆ ಹೋಗಿ ಮಧ್ಯದ ಗೆರೆ ಸೇರುತ್ತಿದ್ದೆ. ಈಗ ಹೊಡೆದವನ ಕಾಲು ಯಾವ ಕಡೆ ತಿರುಗಿತು ಅಂತ ನೋಡುತ್ತೇನೆ. ಜನರ ಕಡೆ ತಿರುಗಿದರೆ ನಾನೂ ಓಡಿ ನಡುವೆ ಹೋಗಿ ನಿಲ್ಲುತ್ತೇನೆ, ಸಣ್ಣದಾಗಿ ಸೀಟಿ ಊದುತ್ತೇನೆ, ಹೆಸರು ಗೊತ್ತಿದ್ದರೆ ಹೆಸರು ಹಿಡಿದೇ ಕರೆಯುತ್ತೇನೆ. ಜಾಸ್ತಿ ಹುಡುಗರು ಅಲ್ಲೇ ತಿರುಗಿಬಿಡುತ್ತಾರೆ. ಮೊದಲೇ ಹಳದಿ ಇರುವವನ ಮೇಲೆ ಅಂತೂ ಒಂದು ಕಣ್ಣು ಇಟ್ಟೇ ಇರುತ್ತೇನೆ, ಯಾಕೆಂದರೆ ಎರಡನೇ ಹಳದಿಯ ತಪ್ಪು ಮಾಡಿದ ಮೇಲೆ ಅವನನ್ನು ಉಳಿಸಲು ನನ್ನ ಕೈಯಲ್ಲಿ ಏನೂ ಇರುವುದಿಲ್ಲ, ಮಾಡುವ ಮೊದಲು ಇರುತ್ತದೆ.

ನನ್ನ ಜೊತೆಯ ಕೆಲವು ರೆಫರಿಗಳು ನೇರ ಕೆಂಪೇ ಸರಿ, ಒಂದು ಸಲ ತೋರಿಸಿದರೆ ಎಲ್ಲರೂ ಕಲಿಯುತ್ತಾರೆ ಅನ್ನುತ್ತಾರೆ. ನಾನು ಅವರಿಗೆ ಹೇಳುವ ದಾರಿ ಬೇರೆ. ತಳಮಟ್ಟದ ಮತ್ತು ಕಿರಿಯರ ಆಟದಲ್ಲಿ ಹಳದಿ ಆದವನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಮತ್ತೆ ಒಳಗೆ ಬಿಡುವ ಕ್ರಮಕ್ಕೆ ನಿಯಮ ಪುಸ್ತಕದಲ್ಲೇ ಜಾಗ ಉಂಟು, ಇಡೀ ಆಟದ ಹೊತ್ತಿನ 10ರಿಂದ 15 ಶೇಕಡಾ ಅಂತ ಅಳತೆಯೂ ಉಂಟು. 40 ನಿಮಿಷದ ಸೆವೆನ್ಸ್‌ಗೆ ಅದು ನಾಲ್ಕೋ ಆರೋ ನಿಮಿಷ. ಹುಡುಗನ ತಲೆ ತಣ್ಣಗಾಗುತ್ತದೆ, ಆ ಮೂಲೆಯೂ ತಣ್ಣಗಾಗುತ್ತದೆ, ಅವನ ತಂಡ ಪೂರ್ತಿ ಮುಳುಗುವುದಿಲ್ಲ. ನಮ್ಮ ಕಡೆ ಇದನ್ನು ಅಧಿಕೃತವಾಗಿ ತರಬೇಕು ಅಂತ ಸಿಕ್ಕಿದ ಕಡೆಯೆಲ್ಲ ಕೇಳುತ್ತಿದ್ದೇನೆ, ಮುಂದಿನ ಮಳೆಗಾಲದ ಟೂರ್ನಿಗಳಿಗೆ ಮೊದಲು ಇನ್ನೊಮ್ಮೆ ಕೇಳುವವನಿದ್ದೇನೆ.