ಮಳೆ ಎಷ್ಟು ಇಂಚು ಅಂತ ಕೇಳಿ ಮುಗಿಸಿದ ಪ್ರಾಕ್ಟಿಕಮ್

ಕೊಡಗಿನಲ್ಲಿ ಕೂತು ಪ್ರಾಕ್ಟಿಕಮ್ (ಓದಿನ ಭಾಗವಾಗಿ ಜನರ ಜೊತೆ ಮಾಡಬೇಕಾದ ಕೌನ್ಸೆಲಿಂಗ್) ಗಂಟೆ ತುಂಬಿಸೋಕೆ ಆಗಲ್ಲ ಅಂತ ಹೇಳದವರೇ ಇರಲಿಲ್ಲ. ಮೈಸೂರಿನಲ್ಲಿ ಎಂ.ಎಸ್ಸಿ. ಕೌನ್ಸೆಲಿಂಗ್ ಸೈಕಾಲಜಿ ಓದುವಾಗ ಜೊತೆಯವರೆಲ್ಲ ಅಲ್ಲೇ ಆಸ್ಪತ್ರೆ, ಎನ್‌ಜಿಒ ಅಂತ ಜಾಗ ಹಿಡಿದರು. ನಾನು ಕೊಡಗಿನ ಗೋಣಿಕೊಪ್ಪದ ಬಸ್ಸು ಹಿಡಿದೆ. ಮನೆಯಲ್ಲಿ ದೊಡ್ಡಪ್ಪನ ಪ್ರಶ್ನೆ ಬೇರೆ: "ಕೂತು ಮಾತಾಡೋಕೆ ಯಾರಾದ್ರೂ ದುಡ್ಡು ಕೊಡ್ತಾರಾ?" ಈಗ ಕೊಡುತ್ತಿದ್ದಾರೆ. ಗಂಟೆಗಳೂ ತುಂಬಿದವು, ಬೇಕಾದ್ದಕ್ಕಿಂತ ಜಾಸ್ತಿಯೇ. ಹೇಗೆ ಅಂತ ಕೇಳುವವರು ಹೆಚ್ಚಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಖರ್ಚು. ಎರಡು ವರ್ಷಕ್ಕೆ ಫೀಸು, ಪಿಜಿ ಬಾಡಿಗೆ, ಓಡಾಟ ಎಲ್ಲ ಸೇರಿ 3 ಲಕ್ಷದ ಹತ್ತಿರ ಹೋಯಿತು. ಪಿಜಿಗೇ ತಿಂಗಳಿಗೆ ಆರೂವರೆ ಸಾವಿರ. ನಮ್ಮ ಜಿಲ್ಲೆಗೆ ರೈಲಿಲ್ಲ, ಗೊತ್ತಲ್ಲ. ಶುಕ್ರವಾರ ಸಂಜೆ ಬಸ್ಸು ಹತ್ತಿ ಭಾನುವಾರ ರಾತ್ರಿ ವಾಪಸ್. ನಮ್ಮ ಸೆಷನ್ ನೋಡಿ ತಿದ್ದಬೇಕಾದ ಕಾಲೇಜಿನ ಸೂಪರ್ವೈಸರ್ ಕೈಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು. ನನ್ನ ಪಾಲಿಗೆ ವಾರಕ್ಕೆ ಹತ್ತು ನಿಮಿಷ ಸಿಕ್ಕರೆ ಪುಣ್ಯ. ಹಾಗಾಗಿ ಹೊರಗೆ ಒಬ್ಬ ಹಿರಿಯರಿಗೆ ಗಂಟೆಗೆ 800 ರೂಪಾಯಿ ಕೊಟ್ಟು ಸೂಪರ್ವಿಷನ್ ತಗೊಂಡೆ. ಒಂದು ವರ್ಷದ ಮೆಣಸು ಮಾರಿದ ದುಡ್ಡು ಅದಕ್ಕೇ ಸರಿಹೋಯಿತು. ಬೇರೆ ಎಲ್ಲಿ ಬೇಕಾದರೂ ಉಳಿಸಿ, ಇಲ್ಲಿ ಉಳಿಸಬೇಡಿ.

ಮೊದಲ ಸೆಮಿಸ್ಟರ್ ಪೂರ್ತಿ ಸೋಲು. ಒಂದು ಟ್ರಸ್ಟಿನವರು ಮುಖ್ಯರಸ್ತೆಯಲ್ಲೇ ಕೋಣೆ ಕೊಟ್ಟರು. ಟ್ರೈನಿ, ಫೀಸಿಲ್ಲ ಅಂತ ಬೋರ್ಡೂ ಹಾಕಿದರು. ಒಬ್ಬರೂ ಬರಲಿಲ್ಲ. ನಮ್ಮಲ್ಲಿ ಜೀಪು ನೋಡಿದರೆ ಸಾಕು, ಯಾರ ಮನೆಯದ್ದು ಅಂತ ಗೊತ್ತಾಗುತ್ತೆ. ಆ ಬೋರ್ಡಿನ ಮುಂದೆ ಅರ್ಧ ಗಂಟೆ ಜೀಪು ನಿಂತರೆ ಸಂಜೆಗೆ ಅಮ್ಮತ್ತಿವರೆಗೂ ಸುದ್ದಿ. ಬೋರ್ಡು ಕೀಳಿಸಿದೆ. ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಗೆ ಹೋದೆ, ಬಾಡಿಗೆ ಎರಡೂವರೆ ಸಾವಿರ. ಅಲ್ಲಿಗೆ ಆರ್‌ಟಿಸಿ ಜೆರಾಕ್ಸಿಗೆ ಬಂದೆ ಅಂದರೆ ಯಾರೂ ಎರಡನೇ ಮಾತು ಕೇಳಲ್ಲ. ಸಂತೆ ದಿನವಂತೂ ಜನ ಹೇಗೂ ಪೇಟೆಗೆ ಬಂದಿರುತ್ತಾರೆ. ಅವತ್ತೇ ಹೆಚ್ಚು ಸಮಯ ಇಟ್ಟೆ.

ಆಮೇಲೆ ಸೂಪರ್ವಿಷನ್ನಿಗೆ ಅಂತ ಸೆಷನ್ ರೆಕಾರ್ಡ್ ಮಾಡುವ ತಲೆನೋವು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ ಫೋನು ಮೇಜಿನ ಮೇಲಿಟ್ಟರೆ, ಜನ ಟಿವಿಯವರು ಮೈಕು ಹಿಡಿದ ಹಾಗೆ ನೆಟ್ಟಗೆ ಕೂತು ಮಾತಾಡುತ್ತಿದ್ದರು. 2018ರ ಗುಡ್ಡ ಕುಸಿತದ ಮೇಲೆ ಫಾರಂ ಹಿಡಿದು ಬಂದವರಿಗೆಲ್ಲ ಅದೇ ಕಥೆ ಹೇಳಿ ಸಾಕಾದವರೂ ಇದ್ದರು. ಫೋನು ಒಳಗಿಟ್ಟೆ. ನೆನಪಿನಿಂದಲೇ ವರ್ಬೇಟಿಮ್, ಅಂದರೆ ಸೆಷನ್ನಿನ ಮಾತನ್ನು ಇದ್ದದ್ದು ಇದ್ದ ಹಾಗೆ, ಬರೆಯಲು ಶುರು ಮಾಡಿದೆ. ಮೊದಲಿನಿಂದ ಬರೆಯಬೇಡಿ. ಕೊನೆಯ ಐದು ನಿಮಿಷದ ಮಾತು ಮೊದಲು ಬರೆಯಿರಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಅದೇ ಕುರ್ಚಿಯಲ್ಲಿ, ಕಾಫಿಗೂ ಏಳದೆ. ನನಗೆ ಇಪ್ಪತ್ತು ನಿಮಿಷಕ್ಕೆ ನಾಲ್ಕು ಪುಟ ಆಗುತ್ತಿತ್ತು. ಅರ್ಧ ಗಂಟೆ ಬಿಟ್ಟು ಕೂತರೆ ಅದರಲ್ಲಿ ಅರ್ಧವೂ ಸಿಗಲ್ಲ.

ಇನ್ನು ಮಳೆಯ ವಿಷಯ. ಹೌದು, ಇಲ್ಲ ಅನ್ನುವಂಥ ಪ್ರಶ್ನೆ, ಲೆಕ್ಕ ಕೇಳುವ ಪ್ರಶ್ನೆ ಬೇಡ ಅಂತ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. "ಹೇಗನ್ನಿಸುತ್ತಿದೆ?" ಅಂತ ಕೇಳಿದರೆ ನಮ್ಮ ತೋಟದವರು "ಏನಿಲ್ಲ, ಚೆನ್ನಾಗಿದ್ದೀನಿ" ಅಂತ ಎದ್ದು ಹೋಗುತ್ತಾರೆ. ನಾನು ಮೊದಲ ಹತ್ತು ನಿಮಿಷ ಮಳೆಗೇ ಬಿಟ್ಟೆ. ತೋಟ ಇರುವ ಮನೆಯಲ್ಲಿ ಮಳೆ ಅಳತೆ ಬರೆದಿಡುವುದು ನಮ್ಮ ಕಡೆ ಮಾಮೂಲು, ಅದೂ ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ. ಒಂದು ವರ್ಬೇಟಿಮ್ ನೋಡಿ, ಗುರುತು ಬದಲಿಸಿದ್ದೇನೆ:

ಅವರು: ನಮ್ಮಲ್ಲಿ ತೊಂಬತ್ತು ಇಂಚು ದಾಟ್ತು.
ನಾನು: ಪುಸ್ತಕದಲ್ಲಿ ನೀವೇ ಬರೆಯೋದಾ?
ಅವರು: ಅಪ್ಪ ಬರೀತಿದ್ರು. ಈ ವರ್ಷ ನಾನು.
ನಾನು: (ಸುಮ್ಮನಿದ್ದೆ)
ಅವರು: ಜೂನ್ ಪೂರ್ತಿ ಖಾಲಿ ಬಿಟ್ಟಿದ್ದೀನಿ. ಅವರ ಅಕ್ಷರದ ಕೆಳಗೆ ಬರೆಯೋಕೆ ಕೈ ಬರಲಿಲ್ಲ.

ಇದಕ್ಕೆ ಮುಂಚಿನ ಏಳೆಂಟು ಸಾಲಿಗೆ ಸೂಪರ್ವೈಸರ್ ಕೆಂಪು ಪೆನ್ನಿನಲ್ಲಿ "ಹರಟೆ" ಅಂತ ಬರೆದಿದ್ದರು. ಈ ಸಾಲಿನ ಪಕ್ಕ ಏನೂ ಬರೆದಿರಲಿಲ್ಲ. ನಂತರ ಮಳೆಗೆ ಕೆಂಪು ಬೀಳಲಿಲ್ಲ. ಮೊದಮೊದಲು ಒಮ್ಮೆ ಬಂದವರಲ್ಲಿ ಅರ್ಧದಷ್ಟು ಜನ ಮತ್ತೆ ಮುಖ ತೋರಿಸುತ್ತಿರಲಿಲ್ಲ. ಎರಡನೇ ವರ್ಷ ಹೆಚ್ಚುಕಮ್ಮಿ ನಾಲ್ಕರಲ್ಲಿ ಮೂವರು ತಿರುಗಿ ಬಂದರು. ಮೈಸೂರಿನಲ್ಲೇ ಉಳಿದವರ ಲೆಕ್ಕ ಇಷ್ಟು ಚೆನ್ನಾಗಿರಲಿಲ್ಲ, ಹೇಳಿಬಿಡುತ್ತೇನೆ! ಮಳೆಯಿಂದ ಮನೆಯೊಳಕ್ಕೆ ಬರೋಕೆ ನನ್ನದೊಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯಲ್ಲ, ನನ್ನ ಹತ್ರ ಕಲಿಯೋಕೆ ಬರುವವರಿಗೆ ಇರಲಿ. ಲೈನ್ ಮನೆಯ (ತೋಟದ ಕೂಲಿಯವರ ಸಾಲು ಮನೆ) ಹೆಂಗಸರ ಹತ್ತಿರ ಮಳೆ ಕೆಲಸ ಮಾಡಲ್ಲ. ಅಲ್ಲಿ ಮಕ್ಕಳ ಸ್ಕೂಲಿನಿಂದ ಶುರು ಮಾಡಬೇಕು.

ನಡುವೆ ಸುಮ್ನೆ ಒಂದೆರಡು ಪ್ರಯೋಗವನ್ನೂ ಮಾಡಿದೆ. ತೋಟದಲ್ಲಿ ನಡೆಯುತ್ತಾ ಸೆಷನ್: ಎದುರುಬದುರು ಕೂರದ ಕಾರಣ ಗಂಡಸರು ಬೇಗ ಬಾಯಿ ಬಿಡುತ್ತಾರೆ. ಆದರೆ ಜೂನ್, ಜುಲೈನಲ್ಲಿ ಜಿಗಣೆ ಕೀಳುವುದೇ ಕೆಲಸ. ಸಿದ್ದಾಪುರದ ಕಡೆಯಾದರೆ ಆನೆ ಭಯಕ್ಕೆ ಹೊತ್ತು ಮುಳುಗುವ ಮೊದಲೇ ಮುಗಿಸಬೇಕು. ಫೋನ್ ಸೆಷನ್ ಮಳೆಗಾಲದಲ್ಲಿ ದಂಡ. ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ, ಅದೂ ಅಳುವ ಹೊತ್ತಿಗೇ. ಸ್ತ್ರೀಶಕ್ತಿ ಸಂಘದಲ್ಲಿ ಮೂವರು ಮೂವರ ಗುಂಪು ಮಾಡಿ, ಒಬ್ಬರು ಹೇಳೋದು, ಒಬ್ಬರು ಕೇಳೋದು, ಒಬ್ಬರು ನೋಡೋದು ಅಂತ ಕೂರಿಸಿದೆ. ನಮ್ಮ ಕ್ಲಾಸಿಗಿಂತ ಅವರೇ ಚೆನ್ನಾಗಿ ಮಾಡಿದರು. ಗಂಟೆ ಲೆಕ್ಕಕ್ಕೆ ಮಾತ್ರ ಕಾಲೇಜು ಅದನ್ನು ಹಿಡಿಯಲಿಲ್ಲ.

ಸಾಯುವ ಮಾತು ಬಂದರೆ ಮಳೆಗಿಳೆ ಬಿಟ್ಟು ನೇರವಾಗಿ ಕೇಳಿ. ಅದೇ ದಿನ ಮಡಿಕೇರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿ, ಸಾಧ್ಯವಾದರೆ ಜೊತೆಗೇ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ನಂಬರು ನನ್ನ ಗೋಡೆಯಲ್ಲಿ ದೊಡ್ಡದಾಗಿಯೇ ಇದೆ. ನಮ್ಮ ಡಿಗ್ರಿಗೆ "ಕ್ಲಿನಿಕಲ್ ಸೈಕಾಲಜಿಸ್ಟ್" ಅಂತ ಬರೆದುಕೊಳ್ಳುವ ಹಾಗಿಲ್ಲ, ಅದಕ್ಕೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಬೇಕು. ಮನೆಯಿಂದಲೇ ದೂರಶಿಕ್ಷಣದಲ್ಲಿ ಮುಗಿಸೋಣ ಅಂದುಕೊಂಡವರಿಗೆ ಆ ದಾರಿಯೂ ಮುಚ್ಚಿದೆ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಃಶಾಸ್ತ್ರವನ್ನು ದೂರಶಿಕ್ಷಣದಲ್ಲಿ ಕೊಡಬಾರದು ಅಂತ ಯುಜಿಸಿ ಹೇಳಿದೆ. ಅಂದರೆ ರೆಗ್ಯುಲರ್ ಕ್ಲಾಸಿಗೆ ಊರು ಬಿಡಲೇಬೇಕು. ಆದರೆ ಪ್ರಾಕ್ಟಿಕಮ್ ಗಂಟೆ ತುಂಬಿಸೋಕೆ ಬಿಡಬೇಕಾಗಿಲ್ಲ.

ಈಗ ಸೆಷನ್ನಿಗೆ 500 ತಗೊಳ್ಳುತ್ತೇನೆ, ಕೂಲಿ ಮಾಡುವವರಿಗೆ ನೂರು. ಎರಡು ಪಿಯು ಕಾಲೇಜಿನವರು ಟರ್ಮಿಗಿಷ್ಟು ಅಂತ ಕೊಡುತ್ತಾರೆ. 2024ರಲ್ಲಿ ಕಾಫಿ ಬೆಲೆ ಏರಿದ ಮೇಲೆ ಫೀಸು ಕಡ ಹೇಳುವವರು ಕಮ್ಮಿಯಾದರು, ಪಾಲಿನ ಜಗಳಕ್ಕೆ ಬರುವ ಅಣ್ಣತಮ್ಮಂದಿರು ಜಾಸ್ತಿಯಾದರು. ಕೆಲವರು ದುಡ್ಡಿನ ಜೊತೆ ಕಾಚಂಪುಳಿ (ನಮ್ಮ ಕಡೆ ಅಡುಗೆಗೆ ಹಾಕುವ ಕಪ್ಪು ಹುಳಿ) ಬಾಟಲಿಯನ್ನೂ ಮೇಜಿನ ಮೇಲಿಟ್ಟು ಹೋಗುತ್ತಾರೆ. ಉಡುಗೊರೆ ತಗೋಬಾರದು ಅಂತ ಎಥಿಕ್ಸ್ ಕ್ಲಾಸಿನಲ್ಲಿ ಓದಿದ್ದು ನೆನಪಿದೆ. ಆದರೆ ಅದನ್ನು ವಾಪಸ್ ಕೊಟ್ಟರೆ ಆ ಮನೆಯವರು ಇನ್ನು ಬರಲ್ಲ. ತಗೊಂಡು, ಸೂಪರ್ವಿಷನ್ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡುತ್ತೇನೆ.