ಊರಂಚಿನ ಶಾಸನವನ್ನೂ ವೀರಗಲ್ಲನ್ನೂ ದಾಖಲಿಸುವ ಬಗೆ

ಬನವಾಸಿ ನಾಡಿನ ಪ್ರಾಚೀನತೆ ಮಧುಕೇಶ್ವರ ದೇವಾಲಯದ ಆವರಣದೊಳಗೇ ಮುಗಿಯುವುದಿಲ್ಲ. ಮಯೂರಶರ್ಮನು ಕದಂಬ ರಾಜ್ಯವನ್ನು ಕಟ್ಟುವುದಕ್ಕೂ ಮೊದಲಿನ ಚುಟು ಅರಸರ ಕಾಲದ ಐದು ಹೆಡೆಯ ನಾಗಶಿಲೆ ಆ ಆವರಣದಲ್ಲಿದ್ದು, ರಾಜಕುಮಾರಿಯೊಬ್ಬಳು ನಾಗ, ಕೆರೆ ಮತ್ತು ವಿಹಾರವನ್ನು ದಾನವಿತ್ತಳೆಂದು ಅದರ ಮೇಲಿನ ಪ್ರಾಕೃತ ಬರಹ ತಿಳಿಸುತ್ತದೆಯೆಂಬುದು ನಿಜ. ಆದರೆ ಶಿರಸಿಯ ಸುತ್ತಲಿನ ಕೆರೆ ಏರಿ, ತೋಟದ ಅಂಚು, ಸೊಪ್ಪಿನ ಬೆಟ್ಟ ಮತ್ತು ದೇವರ ಬನಗಳಲ್ಲಿ ನಿಂತ, ಒರಗಿದ, ಅರ್ಧ ಹೂತ ಕಲ್ಲುಗಳೂ ಅದೇ ನಾಡಿನ ಚರಿತ್ರೆಯನ್ನು ಹೇಳುತ್ತವೆ. ಅವುಗಳನ್ನು ದಾಖಲಿಸಲು ಪರಿಣತಿಗಿಂತ ತಾಳ್ಮೆ ಹೆಚ್ಚು ಬೇಕು.

ದೀಪಾವಳಿ ಕಳೆದ ಮೇಲೆ ಹೊರಡಿ. ಮಳೆಗಾಲದಲ್ಲಿ ಕಲ್ಲಿನ ಮೇಲೆ ಹಾವಸೆ ಕಟ್ಟಿರುತ್ತದೆ, ಕಾಲಿಗೆ ಉಂಬಳ ಹತ್ತುತ್ತದೆ. ಇನ್ನು ಚೈತ್ರದ ಹೊತ್ತಿಗೆ ದರಕು, ಅಂದರೆ ಒಣಗಿದ ಎಲೆ ಬಿದ್ದು ಚಿಕ್ಕ ಕಲ್ಲುಗಳು ಮುಚ್ಚಿಹೋಗುತ್ತವೆ. ಮೊದಲು ಜಮೀನಿನ ಮನೆಯವರನ್ನು ಕೇಳಿ. ನೀವು ವೀರಗಲ್ಲು ಎನ್ನುವುದು ಕರಾವಳಿಯಲ್ಲಿ ಅವರಿಗೆ ಜಟಕನೆಂಬ ದೈವವಾಗಿರಬಹುದು, ಮಾಸ್ತಿಯಾಗಿರಬಹುದು. ಪೂಜೆಗೊಳ್ಳುವ ಕಲ್ಲನ್ನು ಚಪ್ಪಲಿ ಕಳಚದೆ ಮುಟ್ಟಿದವನಿಗೆ ಆ ಕೇರಿಯಲ್ಲಿ ಇನ್ನೊಂದು ಕಲ್ಲನ್ನು ಯಾರೂ ತೋರಿಸುವುದಿಲ್ಲ.

ಕಲ್ಲನ್ನು ನೀರು ಮತ್ತು ಮೆತ್ತನೆಯ ಬ್ರಶ್ಶಿನಿಂದ ಮಾತ್ರ ತೊಳೆಯಬೇಕು. ತಂತಿಯ ಬ್ರಶ್ಶು, ಆ್ಯಸಿಡ್, ಎಣ್ಣೆ ಯಾವುದೂ ಕೂಡದು. ಅಕ್ಷರ ಕಾಣಲೆಂದು ಸೀಮೆಸುಣ್ಣ ತುಂಬುವ ಹಳೆಯ ಅಭ್ಯಾಸವನ್ನೂ ಬಿಡಬೇಕು: ನಾನೂ ಒಮ್ಮೆ ಹಾಗೆ ಮಾಡಿ, ಬಿರುಕನ್ನೇ ದೀರ್ಘವೆಂದು ತಿದ್ದಿ, ಇಲ್ಲದ ಪದವೊಂದನ್ನು ಓದಿದ್ದೆ. ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬಿಸಿಲು ಸಾಕು. ನೆರಳಿನಲ್ಲಿರುವ ಕಲ್ಲಿಗೆ ಟಾರ್ಚನ್ನು ಪಕ್ಕದಿಂದ, ಮೇಲ್ಮೈಗೆ ಹೆಚ್ಚುಕಡಿಮೆ ತಾಗುವಂತೆ ಹಿಡಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಬೆಳಕಿನ ದಿಕ್ಕನ್ನು ಬದಲಿಸುತ್ತ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ನಾಲ್ಕಾರು ಚಿತ್ರಗಳನ್ನು ತೆಗೆಯಿರಿ.

ವೀರಗಲ್ಲನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ, ತುದಿಯಲ್ಲಿ ಸೂರ್ಯಚಂದ್ರರು ಇರುತ್ತಾರೆ. ಕಾಳಗದ ಪಟ್ಟಿಕೆಯಲ್ಲಿ ದನಗಳಿದ್ದರೆ ಅದು ತುರುಗೊಳ್, ಅಂದರೆ ಗೋವುಗಳನ್ನು ಬಿಡಿಸಿಕೊಳ್ಳಲು ಹೋರಾಡಿ ಸತ್ತವನ ಕಲ್ಲು. ಕಂಬದಿಂದ ಚಾಚಿ ಮೊಣಕೈ ಮಡಿಸಿದ, ಬಳೆ ತೊಟ್ಟ ಕೈ ಇದ್ದರೆ ಮಾಸ್ತಿಕಲ್ಲು, ಅಂದರೆ ಸಹಗಮನ ಮಾಡಿದವಳ ಕಲ್ಲು. ಮುಕ್ಕೊಡೆ (ಒಂದರ ಮೇಲೊಂದಿರುವ ಮೂರು ಕೊಡೆ) ಕೊರೆದ ಗಡಿಕಲ್ಲು ಬಸದಿಗೆ ಬಿಟ್ಟ ಭೂಮಿಯದು.

ಬರಹವಿದ್ದರೆ ಮೊದಲು ಆರಂಭ ಮತ್ತು ಅಂತ್ಯಗಳನ್ನು ಹುಡುಕಿ, ಏಕೆಂದರೆ ಅವು ರೂಢಿಯ ಮಾತುಗಳು. ‘ನಮಸ್ತುಂಗಶಿರಶ್ಚುಂಬಿ’ ಎಂದು ತೊಡಗಿದರೆ ಶಿವಸ್ತುತಿ, ‘ಶ್ರೀಮತ್ಪರಮಗಂಭೀರ’ ಎಂದು ತೊಡಗಿದರೆ ಜೈನ ಶಾಸನ. ಕೊನೆಯಲ್ಲಿ ‘ಸ್ವದತ್ತಾಂ ಪರದತ್ತಾಂ ವಾ’ ಎಂದಿದ್ದರೆ ದತ್ತಿಯನ್ನು ಕಸಿದವನಿಗೆ ಹಾಕಿದ ಶಾಪ. ಕಾಲ ಹೇಳಿದ್ದರೆ ಲೆಕ್ಕ ಸುಲಭ: ಶಕವರ್ಷಕ್ಕೆ 78 ಕೂಡಿಸಿ, ತಿಥಿ ಮಾಘ ಅಥವಾ ಫಾಲ್ಗುಣದ್ದಾದರೆ 79. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಆರನೆಯ ವಿಕ್ರಮಾದಿತ್ಯ ತೊಡಗಿಸಿದ ಚಾಲುಕ್ಯ ವಿಕ್ರಮ ವರ್ಷ ಬರುವುದುಂಟು. ಅದಕ್ಕೆ 1075 ಕೂಡಿಸಬೇಕು. ಹನ್ನೆರಡನೆಯ ವರ್ಷವೆಂದರೆ 1087-88. ಇದನ್ನು ಸಂವತ್ಸರದ ಹೆಸರಿನಿಂದ ಪರೀಕ್ಷಿಸಬಹುದು: ಅರವತ್ತು ವರ್ಷಕ್ಕೊಮ್ಮೆ ಮರಳುವ ಪ್ರಭವ 1987-88ರಲ್ಲಿ ಬಂದಿತ್ತು, ಅಲ್ಲಿಂದ ಹದಿನೈದು ಆವರ್ತ ಹಿಂದೆ ಹೋದರೆ ಸಿಗುವುದೂ 1087-88. ಕಲ್ಲಿನಲ್ಲಿ ಪ್ರಭವ ಎಂದೇ ಇದ್ದರೆ ಓದು ಸರಿ. ಒಂದು ವರ್ಷ ಹೆಚ್ಚುಕಡಿಮೆಯಾದರೆ ಗಾಬರಿಯಾಗಬೇಡಿ, ಕಳೆದ ವರ್ಷವನ್ನೋ ನಡೆಯುವ ವರ್ಷವನ್ನೋ ಎಣಿಸುವುದರಲ್ಲಿ ಬರೆದವರಲ್ಲೇ ವ್ಯತ್ಯಾಸವಿತ್ತು. ಅಳಿಸಿದ ಅಕ್ಷರದ ಜಾಗಕ್ಕೆ ಚುಕ್ಕೆ ಇಡಿ, ಊಹೆಯನ್ನಲ್ಲ.

ಸ್ಥಳದ ವಿವರವನ್ನು ಓದಿನಷ್ಟೇ ಎಚ್ಚರದಿಂದ ಬರೆದುಕೊಳ್ಳಬೇಕು: ಗ್ರಾಮ, ಸರ್ವೆ ನಂಬರು, ಕಲ್ಲು ಮುಖ ಮಾಡಿದ ದಿಕ್ಕು, ಹತ್ತಿರದ ಕೆರೆ, ಗುಡಿ, ಹಳೆಯ ದಾರಿ. ಬನವಾಸಿಯ ಬಳಿಯ ಗುಡ್ನಾಪುರದಲ್ಲಿರುವ ಕದಂಬ ದೊರೆ ರವಿವರ್ಮನ ಸ್ತಂಭಶಾಸನ ಕಾಮನ ಆಲಯವನ್ನೂ ಕೆರೆಯನ್ನೂ ಹೇಳುತ್ತದೆ, ಆ ಊರಿನ ಕೆರೆ ಇಂದಿಗೂ ಇದೆ. ಕಂಬವನ್ನು ಹಿಂದೆಂದೋ ಯಾರಾದರೂ ಅಂಗಳದ ಅಲಂಕಾರಕ್ಕೆ ಸಾಗಿಸಿದ್ದರೆ ಆ ಮಾತು ಯಾವ ಕೆರೆಯದೆಂದು ತಿಳಿಯುವುದೇ ಕಷ್ಟವಾಗುತ್ತಿತ್ತು. ಆದ್ದರಿಂದ ಬಿದ್ದ ಕಲ್ಲನ್ನೂ ಎತ್ತಿ ನಿಲ್ಲಿಸಲು ಹೋಗಬೇಡಿ, ಬುಡವನ್ನು ಅಗೆಯಬೇಡಿ.

ಹೊಸ ಶಾಸನ ಸಿಕ್ಕಿತೆಂದು ಸಾರುವ ಮುನ್ನ ಅದು ಅಚ್ಚಾಗಿದೆಯೇ ನೋಡಬೇಕು. ಇಲ್ಲಿ ಹಲವರು ಎಡವುತ್ತಾರೆ. ಸೊರಬದ ಕಲ್ಲುಗಳು ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟದಲ್ಲಿವೆ, ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಮೈಸೂರಿನ ಆ ಸಂಪುಟಗಳಲ್ಲಿ ಶಿರಸಿಯ ಕಲ್ಲನ್ನು ಹುಡುಕಿ ಫಲವಿಲ್ಲ. ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್ ಮಾಲೆಯ ಬಾಂಬೆ-ಕರ್ನಾಟಕ ಸಂಪುಟಗಳನ್ನು ತೆರೆಯಬೇಕು. ಅಲ್ಲಿಯೂ ಕಾಣದಿದ್ದರೆ ಚಿತ್ರಗಳನ್ನೂ ಟಿಪ್ಪಣಿಯನ್ನೂ ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ಕಳುಹಿಸಿ, ಒಂದು ಪ್ರತಿಯನ್ನು ಜಮೀನಿನ ಮನೆಯವರಿಗೆ ಕೊಟ್ಟು ಬನ್ನಿ.